ಆನೆ ಒಡೆಯದ ಗೋಡೆ

ಆ ಗೋಡೆಯ ತೂತು ಆನೆಯದೇ ಕೆಲಸ ಎಂಬುದರಲ್ಲಿ ನಮ್ಮ ಸಮಿತಿಯ ಯಾರಿಗೂ ಅನುಮಾನ ಬರಲಿಲ್ಲ. ಬರುವುದಕ್ಕೆ ಕಾರಣವೂ ಇರಲಿಲ್ಲ. ಮಗ್ಗೆ ದಾಟಿ ಒಳಕ್ಕೆ ಹೋದರೆ ಸಿಗುವ ಊರುಗಳಲ್ಲಿ ಹಿತ್ತಿಲ ಗೋಡೆ ಒಡೆದಿದೆಯೆಂದರೆ ಆ ವರ್ಷಗಳಲ್ಲಿ ಯಾರೂ ಯಾಕೆಂದು ಕೇಳುತ್ತಿರಲಿಲ್ಲ. ಬಿಸಿಲೆ ಕಡೆಯ ಕಾಡಿನಿಂದ ಬಂದ ಆನೆಗೆ ಒಳಗಿಟ್ಟ ಭತ್ತದ ವಾಸನೆ ಹತ್ತಿದರೆ ಮಣ್ಣಿನ ಗೋಡೆ ಅದಕ್ಕೆ ಹಪ್ಪಳವಿದ್ದ ಹಾಗೆ. ಮುಂದಿನಿಂದ ನೋಡಿದರೆ ಎಲ್ಲ ನೆಟ್ಟಗಿದ್ದು, ಹಿಂದಕ್ಕೆ ಹೋದರೆ ಅಡುಗೆಮನೆ ಬಯಲಿಗೆ ಬಿದ್ದಿರುವ ಮನೆಗಳನ್ನು ನಾವು ಬೇಕಾದಷ್ಟು ಕಂಡಿದ್ದೆವು. ಹಾಗಾಗಿ ಮಿಲ್ಟ್ರಿ ತಾತನ ಮನೆಯ ಹಿಂದಿನ ಗೋಡೆಯಲ್ಲಿ ಎದೆಯೆತ್ತರದ ಒಂದು ಬಾಯಿ, ಅದಕ್ಕೆ ಅಡ್ಡವಾಗಿ ತಗಡು ಹೊಡೆದ ಒಂದು ಹಲಗೆ ಕಂಡಾಗ ದೊಡ್ಡಪ್ಪ ಒಂದೇ ನೋಟಕ್ಕೆ, “ಆನೆ” ಎಂದರು. ಜೊತೆಗಿದ್ದವರು ಹೌದೆಂದು ತಲೆಯಾಡಿಸಿದರು. ಮೊದಲು ಈ ಗೋಡೆ, ಆಮೇಲೆ ಹೆಂಚಿನ ಮಾಡು ಎಂದು ತೀರ್ಮಾನವಾಯಿತು.

ಗಡಿಯಲ್ಲಿ ಯುದ್ಧ ಮುಗಿದ ಮರುವರ್ಷವದು. ಆಲೂರಿನ ಅಂಗಡಿಗಳ ಮುಂದೆಲ್ಲ ಬಾವುಟದ ಕಾಗದಗಳು ಬಿಸಿಲಿಗೆ ಬಣ್ಣ ಬಿಡುತ್ತಿದ್ದವು. ಸೈನಿಕರಿಗೆ ಏನಾದರೂ ಮಾಡಬೇಕೆಂಬ ಉಮೇದು ಊರಿಗೆಲ್ಲ ಹತ್ತಿತ್ತು. ಏನು ಮಾಡಬೇಕೆಂದು ಮಾತ್ರ ಗೊತ್ತಿರಲಿಲ್ಲ. ಸಿಮೆಂಟು, ಹೆಂಚು, ಕಬ್ಬಿಣದ ಅಂಗಡಿಯಿದ್ದ ನಮ್ಮ ದೊಡ್ಡಪ್ಪ ತಮಗೆ ಗೊತ್ತಿದ್ದನ್ನೇ ಹೇಳಿದರು. ತಾಲ್ಲೂಕಿನಲ್ಲಿ ಸೈನ್ಯದಿಂದ ಬಂದು, ಮನೆ ಬಿದ್ದರೂ ಎತ್ತಿಕೊಳ್ಳಲಾಗದೆ ಇರುವವರ ಮನೆಗಳನ್ನು ಮಳೆಗಾಲಕ್ಕೆ ಮುಂಚೆ ರಿಪೇರಿ ಮಾಡಿಕೊಡುವುದು. ಸಾಮಾನು ಅವರದು, ಮರ ಒಬ್ಬ ಎಸ್ಟೇಟ್ ಸಾಹುಕಾರರದು, ಕೂಲಿಗೆ ಊರಿನವರು ಹಾಕಿದ್ದು.

ಆಗ ಸಕಲೇಶಪುರದ ಕಾಲೇಜಿನಲ್ಲಿ ಓದುತ್ತಿದ್ದ ನಾನು ಇದನ್ನು ವಿರೋಧಿಸಿದೆ. ವಿರೋಧಿಸುವುದು ನನ್ನ ಕಸುಬೇ ಆಗಿತ್ತು. ಚರ್ಚಾಸ್ಪರ್ಧೆಯಲ್ಲಿ ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ ಮಾತಾಡಿ ಕಪ್ ಗೆದ್ದು ತರುತ್ತಿದ್ದೆ. ಮನೆಯಲ್ಲಿ ಅದನ್ನು ಹೊಗಳಿಕೆಗೂ ಬೈಗುಳಕ್ಕೂ ಸಮನಾಗಿ ಬಳಸುತ್ತಿದ್ದರು. ಸಮಿತಿಯ ಮೊದಲ ಸಭೆ ದೊಡ್ಡಪ್ಪನ ಗೋಡೌನಿನಲ್ಲಿ, ಸಿಮೆಂಟ್ ಚೀಲಗಳ ಮೇಲೆ ಕೂತು ನಡೆದಾಗ ನಾನು ಎದ್ದು ನಿಂತೆ. ದೇಶಕ್ಕೆ ದುಡಿದವನಿಗೆ ಹೆಂಚಿನ ಭಿಕ್ಷೆ ಹಾಕುವುದು ಅವಮಾನ, ಸರ್ಕಾರದ ಕೆಲಸವನ್ನು ನಾವು ಮಾಡಿದರೆ ಸರ್ಕಾರ ಹಾಯಾಗಿ ಮಲಗುತ್ತದೆ, ಇದರಲ್ಲಿ ಸೈನಿಕನಿಗಿಂತ ಬ್ಯಾನರಿನಲ್ಲಿ ಬರುವ ಹೆಸರುಗಳೇ ಮುಖ್ಯವಾಗುತ್ತವೆ ಎಂದೆಲ್ಲ ಹೇಳಿದೆ. ದೊಡ್ಡಪ್ಪ ಅಡಿಕೆ ಜಗಿಯುತ್ತ ಪೂರ್ತಿ ಕೇಳಿಸಿಕೊಂಡರು.

“ಮುಗೀತೇನೇ? ಭಾನ್ವಾರ ಬೆಳಿಗ್ಗೆ ಜೀಪು ಹೊರಡ್ತದೆ. ಹೆಂಚು ಹೊರಕ್ಕೆ ಜನ ಸಾಲ್ದು.”

ಹೀಗೆ ನಾನು ಭಾನುವಾರಗಳಲ್ಲಿ ಹೆಂಚು ಹೊರುವವಳಾದೆ. ವಾದ ಬಿಡಲಿಲ್ಲ, ಹೆಂಚನ್ನೂ ಬಿಡಲಿಲ್ಲ.

ಮಿಲ್ಟ್ರಿ ತಾತ ತಾನಾಗಿ ನಮ್ಮನ್ನು ಕೇಳಿದವನಲ್ಲ. ಆ ಊರಿನ ಮೇಷ್ಟ್ರು ಅವನ ವಿಷಯ ಹೇಳಿದ್ದರು. ಚಿಕ್ಕ ಪ್ರಾಯದಲ್ಲಿ ಚೀನಾ ಯುದ್ಧಕ್ಕೆ ಹೋಗಿ, ಹಿಮಕ್ಕೆ ಕಾಲ್ಬೆರಳುಗಳನ್ನು ಕಳೆದುಕೊಂಡು ಬಂದವನು. ನಡೆದರೆ ದೋಣಿಯಲ್ಲಿ ನಿಂತವರ ಹಾಗೆ ಒಂದು ಕಡೆಗೆ ವಾಲುತ್ತಿದ್ದ. ಮಕ್ಕಳಿರಲಿಲ್ಲ, ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿತ್ತು. ಪಕ್ಕದ ಅಂಗಳದಲ್ಲೇ ಅವನ ಸತ್ತ ತಮ್ಮನ ಹೆಂಡತಿ ಇದ್ದಳು, ಊಟ ಅವಳ ಮನೆಯಿಂದ ಬರುತ್ತಿತ್ತು. ಆ ಹೆಂಗಸು ಕಾಫಿ ತೋಟದ ಕೂಲಿಮನೆಗಳ ಲೈನಿನಲ್ಲೇ ಹುಟ್ಟಿ ಬೆಳೆದರೂ ಕಾಫಿ ಮುಟ್ಟದವಳು. ಕುಡಿದರೆ ಪಿತ್ತ ಕೆರಳುತ್ತದೆ ಎನ್ನುತ್ತಿದ್ದಳು. ಕುಡಿಸುವುದರಲ್ಲಿ ಮಾತ್ರ ಧಾರಾಳಿ.

ಮೊದಲ ದಿನ ನಾವು ಜಗಲಿಯ ಮೇಲೆ ಕೂತಿದ್ದಾಗ ಅವಳು ಎಲ್ಲರಿಗೂ ಕಾಫಿ ತಂದಳು. ನನಗೆ ಇನ್ನೂ ಬಂದಿರಲಿಲ್ಲ. ಮುಂಬಾಗಿಲಿನ ಹೊಸಿಲ ಬಲಗಡೆಗೆ ಒಂದು ಹಿತ್ತಾಳೆ ಲೋಟದಲ್ಲಿ ಕಾಫಿ ಹಬೆಯಾಡುತ್ತಿತ್ತು. ನನಗೇ ಇಟ್ಟಿದ್ದಾರೆಂದು ಕೈ ಚಾಚಿದೆ.

“ಅದು ನಿಂದಲ್ಲ ಕಣವ್ವ,” ಎಂದ ತಾತ, ಅಂಗಳದಿಂದಲೇ. “ತಡಿ, ನಿಂದು ಬತ್ತದೆ.”

ಹಿರಿಯರಿಗೋ ದೇವರಿಗೋ ಇಟ್ಟಿರಬೇಕು ಎಂದುಕೊಂಡೆ. ನಮ್ಮ ಕಡೆ ಯಾವ ಮನೆಯಲ್ಲಿ ಯಾವುದಕ್ಕೆ ಏನು ಇಡುತ್ತಾರೆಂದು ಕೇಳುತ್ತ ಹೋದರೆ ಕೆಲಸ ಸಾಗುವುದಿಲ್ಲ. ತಾತ ಜಗಲಿಗೆ ಬರಲಿಲ್ಲ, ಅಂಗಳದಲ್ಲೇ ನಿಂತಿದ್ದ. ಮನೆಯೊಳಗಿಂದ ಏನಾದರೂ ಬೇಕಾದರೆ ಮನೆಯನ್ನು ಸುತ್ತಿಕೊಂಡು ಹಿಂದಕ್ಕೆ ಹೋಗುತ್ತಿದ್ದ. ಕಾಲು ಸರಿಯಿಲ್ಲದವನು ಯಾಕೆ ಸುತ್ತು ಹಾಕುತ್ತಾನೆ ಎಂದು ಅವತ್ತು ಯಾರಿಗೂ ಅನ್ನಿಸಲಿಲ್ಲ. ವಾದ ಮಾಡುವವರಿಗೆ ಎದುರಿನವರ ಮಾತಿನಲ್ಲಿ ಬಿರುಕು ಹುಡುಕುವ ಅಭ್ಯಾಸ. ಕಾಲು ಎತ್ತ ಹೋಗುತ್ತದೆಂದು ನೋಡುವ ಅಭ್ಯಾಸ ಇರುವುದಿಲ್ಲ.

ಆಮೇಲೆ ನನಗೆ ಪರೀಕ್ಷೆ ಬಂತು. ಅದೇ ಹೊತ್ತಿಗೆ ತಾತನಿಗೆ ಕೆಮ್ಮು ಜೋರಾಗಿ ಹಾಸನದ ಆಸ್ಪತ್ರೆಗೆ ಸೇರಿಸಿದರು. ನೋಡಿಕೊಳ್ಳಲು ತಮ್ಮನ ಹೆಂಡತಿಯೂ ಹೋದಳು. ಮನೆಯಲ್ಲಿ ಯಾರೂ ಇಲ್ಲದ್ದು ಸಮಿತಿಯವರಿಗೆ ಅನುಕೂಲವೇ ಆಯಿತು. ಬರುವಷ್ಟರಲ್ಲಿ ಮುಗಿಸಿ ಅವನನ್ನು ಆಶ್ಚರ್ಯಪಡಿಸೋಣ ಎಂದು ಹುರುಪು ಹೆಚ್ಚಿತು. ಹಾಸನದ ಕಡೆಯಿಂದ ಬಂದ ಗಾರೆ ಮೇಸ್ತ್ರಿ ಹಿಂದಿನ ಗೋಡೆಯ ಬಾಯಿಗೆ ಸೈಜುಗಲ್ಲು ಕೂರಿಸಿ ಸಿಮೆಂಟ್ ಮೆತ್ತಿದ. ಆನೆಯಲ್ಲ, ಆನೆಯಪ್ಪ ಬಂದರೂ ಅಲ್ಲಾಡದ ಹಾಗೆ. ತೊಲೆ ಬದಲಾಯಿಸಿದರು, ಹೆಂಚು ಹೊದಿಸಿದರು, ಸುಣ್ಣ ಬಳಿದರು. ಮುಂದಿನ ಭಾನುವಾರ ಸೈನ್ಯದ ದೊಡ್ಡ ಹುದ್ದೆಯಿಂದ ನಿವೃತ್ತರಾದವರೊಬ್ಬರು ಬಂದು ಟೇಪು ಕತ್ತರಿಸುವುದೆಂದೂ, ನಾನು ಮಾತಾಡುವುದೆಂದೂ ಗೊತ್ತಾಯಿತು.

ಆಸ್ಪತ್ರೆಯಿಂದ ಬಂದ ತಾತ ಮನೆಯನ್ನು ಒಂದು ಸುತ್ತು ಹಾಕಿದನಂತೆ. ಹಿಂದಿನ ಗೋಡೆಯ ಮುಂದೆ ತುಂಬ ಹೊತ್ತು ನಿಂತನಂತೆ. ಆಮೇಲೆ ಒಳಗೆ ಹೋಗದೆ, ಕಾಫಿ ಒಣಗಿಸುವ ಕಣದ ಪಕ್ಕದ ತಗಡಿನ ಚಪ್ಪರಕ್ಕೆ ಹೋಗಿ ಗೋಣಿಚೀಲದ ಮೇಲೆ ಮಲಗಿದನಂತೆ. ಮೂರು ಕಡೆ ತೆರೆದ ಚಪ್ಪರವದು. ಎದೆಯ ಕೆಮ್ಮು ಇನ್ನೂ ಪೂರ್ತಿ ಹೋಗಿರಲಿಲ್ಲ. ಡಾಕ್ಟರು ಬೆಚ್ಚಗಿರಬೇಕು, ಈ ಸಲ ಶೀತ ಹಿಡಿದರೆ ಕಷ್ಟ ಎಂದು ಹೇಳಿ ಕಳಿಸಿದ್ದರು.

ದೊಡ್ಡಪ್ಪನಿಗೆ ಸುದ್ದಿ ಮುಟ್ಟಿತು. “ಅವನಿಗೇನೋ ಸಂಕೋಚ ಕಣೇ. ನೀನು ಮಾತಾಡೋಳಲ್ವಾ, ಹೋಗಿ ಒಪ್ಸು” ಎಂದು ನನ್ನನ್ನು ಕಳಿಸಿದರು.

ಮಗ್ಗೆಯಲ್ಲಿ ಬಸ್ಸಿಳಿದು ಬಿಸಿಲಲ್ಲಿ ನಡೆದೆ. ಮನೆ ನೋಡಿದರೆ ಗುರುತೇ ಸಿಗುವ ಹಾಗಿರಲಿಲ್ಲ. ಮದುವೆಗೆ ಸಿಂಗರಿಸಿದ ಹಾಗೆ ಬಿಳಿ. ಹಿಂದಕ್ಕೆ ಹೋದೆ. ಅಲ್ಲಿ ಒಂದು ಕ್ಷಣ ನಿಂತೆ. ಸುಣ್ಣದ ಗೋಡೆಯ ಮೇಲೆ ಯಾರೋ ಬೆನ್ನು ಬಾಗಿಸಿ ನಿಂತಿದ್ದರು. ಬೂದು ಬಣ್ಣದ ತಲೆ, ಬೂದು ಬಣ್ಣದ ಹೆಗಲು, ಕೆಳಗೆ ಸ್ವಲ್ಪ ಅಗಲವಾದ ಕಾಲು. ಹಳೆಯ ಮಣ್ಣಿನ ಗೋಡೆ ಒಣಗಿತ್ತು, ಹೊಸ ಸಿಮೆಂಟು ಒಣಗಿರಲಿಲ್ಲ, ಅದರ ಒದ್ದೆ ಸುಣ್ಣದ ಮೇಲೆ ಎದ್ದು ಕಾಣುತ್ತಿತ್ತು, ಅಷ್ಟೇ. ಆ ತೂತಿನ ಅಂಚು ಮನುಷ್ಯನ ಆಕಾರಕ್ಕೆ ಯಾಕಿತ್ತು ಎಂಬುದಕ್ಕೆ ಮಾತ್ರ ನನ್ನ ಹತ್ತಿರ ಆ ಕ್ಷಣದಲ್ಲಿ ಉತ್ತರವಿರಲಿಲ್ಲ. ಆನೆ ಒಡೆದ ಗೋಡೆ ಹಾಗಿರುವುದಿಲ್ಲ.

ಉತ್ತರ ಕೊಟ್ಟವಳು ತಮ್ಮನ ಹೆಂಡತಿ. ಅವಳು ಆ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲೇ ಬಾವ ಯುದ್ಧಕ್ಕೆ ಹೋದದ್ದು, ಬಾವ ಸತ್ತನೆಂದು ತಂತಿ ಬಂದದ್ದು. ಹೆಣವಿಲ್ಲದಿದ್ದರೂ ತಿಥಿಯಾಯಿತು. ಮುಂಬಾಗಿಲ ಹೊಸಿಲಿನ ಮೇಲೆ ಅಕ್ಕನ, ಅಂದರೆ ಬಾವನ ಹೆಂಡತಿಯ, ಬಳೆ ಒಡೆದರು. ಮರುವರ್ಷ ಒಂದು ಮಧ್ಯಾಹ್ನ ಬಾವ ನಡೆದುಕೊಂಡು ಬಂದ. ಚೀನಾದವರ ಸೆರೆಯಲ್ಲಿದ್ದನಂತೆ, ಬಿಟ್ಟಿದ್ದರಂತೆ. ಅಂಗಳದಲ್ಲಿ ನಿಂತಿದ್ದವನನ್ನು ಮುಟ್ಟಲು ಯಾರಿಗೂ ಧೈರ್ಯವಿಲ್ಲ. ಊರಿನ ಹಿರಿಯರು ಕೂತು, ತಿಥಿಯಾದವನು ಹೊಸಿಲು ದಾಟಿ ಒಳಗೆ ಬರುವ ಹಾಗಿಲ್ಲ, ಹುಟ್ಟಿಯೇ ಬರಬೇಕು ಎಂದು ತೀರ್ಮಾನಿಸಿದರು. ಹಿಂದಿನ ಗೋಡೆ ಒಡೆದು ಅದರೊಳಗಿಂದ ಅವನನ್ನು ತೂರಿಸಿಕೊಂಡರು. ಮಗುವಿಗೆ ಎರೆದ ಹಾಗೆ ನೀರೆರೆದು, ಮೊರದಲ್ಲಿ ಕೂರಿಸಿ, ಅದೇ ಹೆಸರನ್ನು ಇನ್ನೊಂದು ಸಲ ಇಟ್ಟರು. ಕಟ್ಟಿಕೊಂಡ ಹೆಂಡತಿಗೇ ಅವನು ಇನ್ನೊಂದು ಸಲ ತಾಳಿ ಕಟ್ಟಿದ. ಸಂಜೆಗೆ ಗೋಡೆ ಮುಚ್ಚಬೇಕಿತ್ತು. ಮುಚ್ಚಲು ಅವನೇ ಬಿಡಲಿಲ್ಲ. ಅಂದಿನಿಂದ ಅದೇ ಅವನ ಬಾಗಿಲು. ಹೆಗಲು ಉಜ್ಜಿ ಉಜ್ಜಿ ಮಣ್ಣು ಅವನ ಅಳತೆಗೆ ಸವೆಯಿತು.

ಸರಿ, ಊರಿನ ಶಾಸ್ತ್ರ. ಇಷ್ಟಕ್ಕೇ ಆಗಿದ್ದರೆ ನನಗೆ ಕಷ್ಟವಿರಲಿಲ್ಲ. ಇಂಥ ಶಾಸ್ತ್ರಗಳ ಮೇಲೆ ನಾನು ನಿಂತ ನಿಲುವಿನಲ್ಲಿ ಹತ್ತು ನಿಮಿಷ ಮಾತಾಡಬಲ್ಲೆ. ಆದರೆ ಅವಳು ಸೀಗೆಕಾಯಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ ಇನ್ನೊಂದು ಮಾತು ಹೇಳಿದಳು.

“ನಮ್ಮಕ್ಕ ಒಂದ್ ವರ್ಸ ಅತ್ಲು ಕಣವ್ವ. ಯಾರಿಗತ್ತಿದ್ದು? ಸತ್ತೋನಿಗೆ ತಾನೇ. ಬಾವ ಸತ್ತಿರ್ನಿಲ್ಲ. ಹಂಗಾರೆ ಸತ್ತೋನ್ಯಾರು?”

ನಾನು ಕಣಕ್ಕೆ ಹೋದೆ. ತಾತ ಚಪ್ಪರದ ಕಂಬಕ್ಕೆ ಒರಗಿ ಕೂತಿದ್ದ. ಕಂಬಳಿ ಹೊದ್ದಿದ್ದ, ಆ ಬಿಸಿಲಲ್ಲೂ. ಹೊಸ ಹೆಂಚು ಚೆನ್ನಾಗಿ ಕೂತಿದೆ, ಒಳ್ಳೆಯ ಕೆಲಸ ಎಂದು ತಾನೇ ಮೊದಲು ಹೇಳಿದ. ಒಳಗೆ ಹೋಗದೆ ಹೆಂಚಿನ ಯೋಗ್ಯತೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ನಕ್ಕ, ನಕ್ಕದ್ದು ಕೆಮ್ಮಾಯಿತು. ಆಮೇಲೆ ನಾನು ಕೇಳದೆಯೇ, ಬೇರೆ ಯಾರದೋ ಸಂಗತಿಯೆಂಬಂತೆ ಹೇಳಿದ.

ಸೈನ್ಯ ಹಿಂದಕ್ಕೆ ಸರಿಯುತ್ತಿದ್ದ ರಾತ್ರಿಯಂತೆ. ದಳ ಚದುರಿಹೋಗಿ ಅವನೊಬ್ಬನೇ ಹಿಮದಲ್ಲಿ ನಡೆಯುತ್ತಿದ್ದಾಗ ಬೇರೆ ಯಾವುದೋ ದಳದ ಒಬ್ಬ ಜೊತೆಯಾದನಂತೆ. ಅವನ ಭಾಷೆ ಇವನಿಗೆ ಬರದು, ಇವನದು ಅವನಿಗೆ. ಅವನ ಮೈಮೇಲೆ ಉಣ್ಣೆ ಕೋಟಿರಲಿಲ್ಲ. ಇದ್ದ ಒಂದೇ ಕೋಟನ್ನು ಸರದಿಯ ಮೇಲೆ ಹಾಕಿಕೊಳ್ಳೋಣ ಎಂದು ಕೈಸನ್ನೆಯಲ್ಲೇ ಮಾತಾಯಿತು. ಅವನ ಸರದಿಯಲ್ಲಿ ಗುಂಡು ಹಾರಿದವು, ಅವನು ಅಲ್ಲೇ ಸತ್ತ. ಇವನು ಒಂದು ಕಡೆ ಉರುಳಿ ಚೀನಾದವರಿಗೆ ಸಿಕ್ಕಿಬಿದ್ದ. ಕೋಟಿನ ಕಾಲರಿನೊಳಗೆ ಹೊಲಿದಿದ್ದ ನಂಬರಿನಿಂದ ಸತ್ತವನಿಗೆ ಇವನ ಹೆಸರಾಯಿತು.

“ಅವ್ನ ಊರು ಯಾವ್ದೋ,” ಎಂದ. “ಅವ್ರ ಮನೇಲಿ ಇವತ್ತಿಗೂ ಬತ್ತಾನೆ ಅಂತ ಕಾಯ್ತಾವ್ರೋ ಏನೋ. ಅವ್ನಿಗೆ ಅಂತ ಅತ್ತಿದ್ದು, ಎಡೆ ಇಟ್ಟಿದ್ದು ಇದೊಂದೇ ಮನೇಲಿ. ಅವ್ನಿಗೆ ಇರೋದು ಇದೊಂದೇ ಬಾಗ್ಲು ಕಣವ್ವ.”

ಹೊಸಿಲ ಬಳಿಯ ಹಿತ್ತಾಳೆ ಲೋಟ ನೆನಪಾಯಿತು. ಆ ಕಾಫಿಯನ್ನು ಬದುಕಿದ್ದಷ್ಟು ದಿನ ಅವನ ಹೆಂಡತಿಯೇ ಇಡುತ್ತಿದ್ದಳಂತೆ. ಅತ್ತವಳು ಅವಳೇ ಆದ್ದರಿಂದ ಅದು ಅವಳದೇ ಹಕ್ಕು ಎಂದು ಇವನು ಬಿಟ್ಟಿದ್ದನಂತೆ. ಈಗ ಇಡುವವಳು ತಮ್ಮನ ಹೆಂಡತಿ.

ನನಗೆ ಕಲಿಸಿದ್ದು ಇಷ್ಟು: ಎದುರಾಳಿಯ ಮಾತು ಕೇಳಿ ಕರಗಬಾರದು, ಒಂದೊಂದೇ ಎಳೆ ಹಿಡಿದು ಬಿಚ್ಚಬೇಕು. ಹಾಗೇ ಬಿಚ್ಚತೊಡಗಿದೆ.

“ತಾತ, ಇಷ್ಟು ವರ್ಷದಲ್ಲಿ ಅವನು ಒಂದು ಸಲನಾದ್ರೂ ಬಂದಿದ್ದಾನಾ?”

“ಇಲ್ಲ.”

“ಕನಸಲ್ಲಾದ್ರೂ?”

“ಮುಖಾನೇ ನೆಟ್ಗೆ ನೋಡಿಲ್ಲ. ಕತ್ಲು. ಹಲ್ಲು ಕಟಕಟ ಅನ್ನೋದು ಕೇಳುಸ್ತಿತ್ತು ಅಷ್ಟೇಯ. ಕನಸಲ್ಲಿ ಬಂದ್ರೂ ಹೆಂಗೆ ಗುರ್ತು ಹಿಡೀಲಿ?”

“ಮತ್ತೆ ಬರದೇ ಇರೋನಿಗೆ ಬಾಗಿಲು ಯಾಕೆ ಬಿಡಬೇಕು?”

ಅವನು ಕಣದ ಕಡೆಗೆ ನೋಡುತ್ತ ಕಂಬಳಿಯನ್ನು ಎಳೆದುಕೊಂಡ. ನಾನು ಗೆದ್ದೆನೆಂದುಕೊಂಡೆ.

“ಬರ್ಲಿ ಅಂತಲ್ಲ ಕಣವ್ವ,” ಎಂದ. “ಬಂದ್ರೆ, ಇದು ನಂದು ಅನ್ಬಾರ್ದಲ್ಲ. ಒಂದೇ ಹೆಸ್ರಿನ ಇಬ್ರು ಒಂದೇ ಬಾಗ್ಲಲ್ಲಿ ಓಡಾಡಕ್ಕಾಗಾಕಿಲ್ಲ. ಕೋಟಲ್ಲಿ ಸರದಿ ಮಾಡಿ ಆಯ್ತು. ಇದ್ರಲ್ಲೂ ಮಾಡ್ಲಾ?”

ಇದಕ್ಕೆ ಉತ್ತರವಿದೆ. ಸತ್ತವನಿಗೆ ಬಾಗಿಲು ಬೇಡ, ನಿನಗೆ ಬೇಕು ಎನ್ನಬಹುದಿತ್ತು. ಅಂದೆ ಕೂಡ. ಅವನು ತಲೆಯಾಡಿಸಿ, ಹೌದು ನೀನು ಹೇಳುವುದು ಸರಿ ಎಂದ. ಆದರೆ ಅಲ್ಲಿಂದ ಏಳಲಿಲ್ಲ. ತೀರ್ಪುಗಾರರಿಲ್ಲದ ಕಡೆ ಗೆದ್ದರೆ ಏನು ಉಪಯೋಗ? ವಾಪಸ್ಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ಆಲೂರಿನವರೆಗೂ ಅತ್ತ ತಿರುಗಿ ನೋಡಲು ಮನಸ್ಸಾಗಲಿಲ್ಲ. ಬಿಸಿಲಲ್ಲಿ ನಡೆದು ತಲೆ ಕಾಯ್ದಿರಬೇಕು.

ಗೋಡೌನಿನಲ್ಲಿ ಸಭೆ ಸೇರಿತು. ನಡೆದದ್ದನ್ನು ಹೇಳಿ, ಗೋಡೆ ಒಡೆಯಬೇಕು ಎಂದೆ. ಮೊದಲು ಯಾರಿಗೂ ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ದಾನ ಕೊಟ್ಟವರು ಹೊಸ ಗೋಡೆ ಒಡೆದದ್ದನ್ನು ಕೇಳಿದರೆ ಏನೆಂದಾರು? ಆನೆ ಬಂದರೆ ಯಾರು ಜವಾಬ್ದಾರಿ? ಅತಿಥಿಗಳಿಗೆ ಏನು ಹೇಳುವುದು? ಮನೆ ಬೇಡದವನಿಗೆ ಬಲವಂತವೇಕೆ, ಬೀಗ ಹಾಕಿ ಬಂದು ಮುಂದಿನ ಮನೆ ನೋಡೋಣ ಎಂದು ಸಾಹುಕಾರರು ಹೇಳಿದರು. ಅವರು ಕೆಟ್ಟವರಲ್ಲ, ತಮ್ಮ ತೋಟದ ಮರವನ್ನೇ ಕಡಿಸಿ ಕೊಟ್ಟಿದ್ದವರು.

ದೊಡ್ಡಪ್ಪ ಮಾತ್ರ ನನ್ನನ್ನೇ ನೋಡುತ್ತಿದ್ದರು.

“ಮೂಢನಂಬಿಕೆ ವಿರುದ್ಧ ಮಾತಾಡಿ ಕಪ್ ತಂದೋಳು ನೀನೇ ಅಲ್ವೇನೇ? ಅದಕ್ಕೆ ಗಾಜಿನ ಬೀರು ಮಾಡ್ಸಿದ್ದು ನಾನು.”

“ಕಪ್ ವಾಪಸ್ ಕೊಡ್ತೀನಿ, ಬಾಗ್ಲು ಕೊಡಿ.”

ಯಾರೋ ನಕ್ಕರು. ದೊಡ್ಡಪ್ಪ ನಗಲಿಲ್ಲ. ಇದುವರೆಗೆ ಚೀಟಿ ಎತ್ತಿ ಬಂದ ಪಕ್ಷಕ್ಕೆ ಮಾತಾಡಿದವಳು ನಾನು. ಈ ಸಲ ನನಗೆ ನಂಬಿಕೆಯಿಲ್ಲದ ಪಕ್ಷವನ್ನು ಚೀಟಿಯಿಲ್ಲದೆ ನಾನೇ ಎತ್ತಿಕೊಂಡಿದ್ದೆ.

“ದೊಡ್ಡಪ್ಪ, ಸತ್ತೋನು ಬರ್ತಾನೆ ಅಂತ ನಾನು ಹೇಳ್ತಿಲ್ಲ. ಬದುಕಿರೋನು ಒಳಕ್ಕೆ ಹೋಗಲ್ಲ ಅಂತ ಹೇಳ್ತಿದೀನಿ. ಮೊದಲನೇದಕ್ಕೆ ಸಾಕ್ಷಿ ಇಲ್ಲ. ಎರಡನೇದಕ್ಕೆ ಸಾಕ್ಷಿ ಬೇಕಾದ್ರೆ ಕಣಕ್ಕೆ ಹೋಗಿ ನೋಡ್ಬಹುದು, ಕೆಮ್ತಾ ಕೂತಿದೆ.”

ತೀರ್ಮಾನವೇನೂ ಆಗಲಿಲ್ಲ. ದೊಡ್ಡಪ್ಪ ಅಡಿಕೆ ಉಗಿದು, ನೋಡಾಣ ಎಂದು ಎದ್ದರು. ಅವರ ನೋಡಾಣಕ್ಕೆ ನಮ್ಮ ಮನೆಯಲ್ಲಿ ಇಲ್ಲವೆಂದೇ ಅರ್ಥ.

ಭಾನುವಾರ ಬೆಳಿಗ್ಗೆ ಜೀಪಿನ ಮೇಲೆ ಒಂದು ಹಳೆಯ ಬಾಗಿಲು ಕಟ್ಟಿತ್ತು, ಚೌಕಟ್ಟಿನ ಸಮೇತ. ನಮ್ಮ ಅಜ್ಜನ ಕಾಲದ ಅಂಗಡಿಗಿದ್ದದ್ದು; ಅಂಗಡಿಗೆ ರೋಲಿಂಗ್ ಶಟರ್ ಹಾಕಿಸಿದಾಗ ಬಿಚ್ಚಿ ಗೋಡೌನಿನ ಮೂಲೆಯಲ್ಲಿ ನಿಲ್ಲಿಸಿದ್ದರು. ಯಾರಿಗೂ ಮಾರಲು ದೊಡ್ಡಪ್ಪ ಒಪ್ಪಿರಲಿಲ್ಲ. ಮೇಸ್ತ್ರಿ ಹಾರೆ ಹಿಡಿದು ತಾನೇ ಕಟ್ಟಿದ ಕಲ್ಲುಗಳ ಮುಂದೆ ನಿಂತು ದೊಡ್ಡ ಉಸಿರು ಬಿಟ್ಟ.

“ಕೊನೇಗೆ ಆನೆ ನಾನೇ ಆಗ್ಬೇಕಾಯ್ತು ನೋಡಿ.”

ಅತಿಥಿಗಳು ಬರುವುದು ಮಧ್ಯಾಹ್ನಕ್ಕೆ. ಅಷ್ಟರೊಳಗೆ ಕಲ್ಲು ಬಿಚ್ಚಿ, ಚೌಕಟ್ಟು ನಿಲ್ಲಿಸಿ, ಗೂಟ ಹೊಡೆದು ಬಾಗಿಲು ತೂಗುಹಾಕಿದ್ದಾಯಿತು. ಪಕ್ಕಗಳಿಗೆ ಮೆತ್ತಿದ ಸಿಮೆಂಟು ಇನ್ನೂ ಹಸಿಯಾಗಿತ್ತು. ಯಾರೋ ಹೋಗಿ ಕರೆಯುವ ಮೊದಲೇ ತಾತ ಕಣದಿಂದ ಎದ್ದು ಬಂದಿದ್ದ, ಕಂಬಳಿಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು. ಬಾಗಿಲ ಮುಂದೆ ಚಪ್ಪಲಿ ಬಿಟ್ಟ. ದೊಡ್ಡಪ್ಪನ ಬಾಗಿಲು ಆರಡಿಯವನೂ ನೆಟ್ಟಗೆ ಹೋಗುವಷ್ಟು ಎತ್ತರ. ತಾತ ಬೆನ್ನು ಬಾಗಿಸಿ, ತಲೆ ತಗ್ಗಿಸಿ, ಎಡಹೆಗಲನ್ನು ಮುಂದೆ ಮಾಡಿ ಒಳಗೆ ಹೋದ. ಅಲ್ಲಿ ಇಲ್ಲದ ಗೋಡೆ ತನ್ನ ತಲೆಗೆ ತಾಗೀತೆಂಬ ಹಾಗೆ. ಒಳಗಿನಿಂದ ಕೆಮ್ಮು ಕೇಳಿಸಿತು, ಆಮೇಲೆ ಒಲೆಗೆ ಸೌದೆ ಹಾಕುವ ಸದ್ದು.

ಮಧ್ಯಾಹ್ನ ಮುಂಬಾಗಿಲಿಗೆ ಟೇಪು ಕಟ್ಟಿದರು. ಅತಿಥಿಗಳು ಬಂದರು, ಊರಿನವರು ಸೇರಿದರು. ಭಾಷಣ ಮಾಡಲು ನನ್ನನ್ನು ಬಾಗಿಲ ಮುಂದಿನ ಮೆಟ್ಟಿಲ ಮೇಲೆ ನಿಲ್ಲಿಸಿದರು. ಬರೆದುಕೊಂಡು ಬಂದಿದ್ದೆ, ತ್ಯಾಗ, ಋಣ ಎಂದೆಲ್ಲ ಇತ್ತು ಅದರಲ್ಲಿ. ಮೊದಲ ವಾಕ್ಯ ಹೇಳುವಾಗ ಪಾದದ ಹತ್ತಿರ ಬಿಸಿ ತಾಗಿತು. ಹೊಸಿಲ ಬಲಗಡೆ ಹಿತ್ತಾಳೆ ಲೋಟ ಇತ್ತು. ಯಾವಾಗ ಇಟ್ಟರೋ ನೋಡಿರಲಿಲ್ಲ. ನಾನು ಬಾಗಿಲಿಗೆ ಅಡ್ಡವಾಗಿ ನಿಂತಿದ್ದೆ.

ಮಾತು ನಿಲ್ಲಿಸದೆಯೇ ಪಕ್ಕಕ್ಕೆ ಸರಿದೆ. ಆ ಮೇಲಿನ ಭಾಷಣವನ್ನೆಲ್ಲ ಗೋಡೆಗೆ ಒತ್ತಿಕೊಂಡೇ ಮುಗಿಸಿದೆ. ಟೇಪು ಕತ್ತರಿಸಿ ಒಳಗೆ ಹೆಜ್ಜೆಯಿಟ್ಟ ಅತಿಥಿಗಳಿಗೆ, “ಸಾರ್, ಸ್ವಲ್ಪ ಎಡಗಡೆಯಿಂದ” ಎಂದವಳೂ ನಾನೇ. ಲೋಟ ಉರುಳಿದರೆ ಅವರ ಬಿಳಿ ಪ್ಯಾಂಟಿಗೆ ಕಲೆಯಾಗುತ್ತಿತ್ತು.

ತಾತ ಅದಾದ ಮೇಲೆ ಕೆಲವು ವರ್ಷ ಬದುಕಿದ. ಮಗ್ಗೆ ಕಡೆಗೆ ಹೋದಾಗೆಲ್ಲ ನೋಡಿಕೊಂಡು ಬರುತ್ತಿದ್ದೆ. ಅವನು ಹಿಂದಿನ ಬಾಗಿಲಲ್ಲಿ ಬಗ್ಗಿಯೇ ಓಡಾಡುತ್ತಿದ್ದ. ನೆಟ್ಟಗೆ ನಡಿ ತಾತ, ಜಾಗ ಇದೆ ಎಂದರೆ, ಬೆನ್ನಿಗೆ ಗೊತ್ತಾಗಬೇಕಲ್ಲ ಎನ್ನುತ್ತಿದ್ದ. ಮುಂಬಾಗಿಲನ್ನು ದೀಪ ಹಚ್ಚುವ ಹೊತ್ತಿಗೆ ಪೂರ್ತಿ ತೆರೆದು ಸ್ವಲ್ಪ ಹೊತ್ತು ಹಾಗೇ ಬಿಡುತ್ತಿದ್ದರು. ಆ ಹೊತ್ತಿನಲ್ಲಿ ನಾನು ಅಲ್ಲಿದ್ದರೆ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿರಲಿಲ್ಲ. ಗಾಳಿ ಬರುತ್ತದೆ, ನನಗೆ ಆಗುವುದಿಲ್ಲ.

ಅವನು ಸತ್ತ ಸುದ್ದಿ ಬಂದಾಗ ನಾನು ಹಾಸನದಲ್ಲಿ ವಕೀಲರೊಬ್ಬರ ಹತ್ತಿರ ಜೂನಿಯರ್ ಆಗಿದ್ದೆ. ಹೋಗುವಷ್ಟರಲ್ಲಿ ಅಂಗಳದಲ್ಲಿ ವಾದ ನಡೆದಿತ್ತು: ಹೆಣವನ್ನು ಯಾವ ಬಾಗಿಲಿನಿಂದ ಹೊರಗೆ ತರಬೇಕು? ಹಿಂಬಾಗಿಲಿನಿಂದ ಹೆಣ ತರುವ ಪದ್ಧತಿ ಎಲ್ಲಿಯೂ ಇಲ್ಲ ಎಂದು ಒಬ್ಬರು, ಅವನು ಮುಂಬಾಗಿಲು ದಾಟಿದ್ದೇ ಇಲ್ಲವಲ್ಲ ಎಂದು ಇನ್ನೊಬ್ಬರು. ದೊಡ್ಡಪ್ಪ ನನ್ನ ಕಡೆ ನೋಡಿದರು. ನಾನು ತಮ್ಮನ ಹೆಂಡತಿಯ ಕಡೆ ನೋಡಿದೆ. ಕೊನೆಗೆ ಅವಳೇ, ಬಂದ ಬಾಗಿಲಲ್ಲೇ ಹೋಗಲಿ ಎಂದಳು. ಅಲ್ಲಿಗೆ ಮುಗಿಯಿತು. ಚಟ್ಟವನ್ನು ಹಿಂಬಾಗಿಲಿನಿಂದ ತಂದರು. ಹೊತ್ತವರು ನಾಲ್ವರೂ ಬಾಗಿಲಲ್ಲಿ ತಲೆ ತಗ್ಗಿಸಿದರು, ಅಗತ್ಯವಿಲ್ಲದಿದ್ದರೂ.

ತಿಥಿಯ ಮರುದಿನ ದೊಡ್ಡಪ್ಪನ ಅಂಗಡಿಯಿಂದ ಎರಡು ಬೀಗ ತೆಗೆದುಕೊಂಡು ನಾನೇ ಹೋದೆ. ಮನೆಯಲ್ಲಿ ಇನ್ನು ಯಾರೂ ಇರುವವರಿಲ್ಲ. ಬೀಗ ಹಾಕಿಡು, ಮುಂದೆ ನೋಡಿದರಾಯಿತು ಎಂದು ಊರಿನವರು ಹೇಳಿದ್ದರು. ಹಿಂಬಾಗಿಲಿಗೆ ತಮ್ಮನ ಹೆಂಡತಿಯೇ ಬೀಗ ಹಾಕಿದಳು. ಅಳುತ್ತಲೇ ಅದನ್ನು ಎಳೆದು ನೋಡಿದಳು. ಮುಂದಕ್ಕೆ ಬಂದು ಮಾತ್ರ ಅಂಗಳದಲ್ಲೇ ನಿಂತುಬಿಟ್ಟಳು.

“ಇದಕ್ಕೆ ನಾ ಹಾಕಾಕಿಲ್ಲ ಕಣವ್ವ. ನೀನೇ ಹಾಕ್ಬುಡು. ನೀನು ಏನೂ ನಂಬ್ದೋಳಲ್ವಾ.”

ಹೇಳಿ ತನ್ನ ಮನೆಯೊಳಕ್ಕೆ ಹೋದಳು.

ನಾನು ಜಗಲಿ ಹತ್ತಿದೆ. ಬೀಗ ಹೊಸದು, ಎಣ್ಣೆಯ ವಾಸನೆಯಿತ್ತು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ಕೆಲಸಕ್ಕೆ ಇಡೀ ಊರಿನಲ್ಲಿ ಅರ್ಹತೆಯಿದ್ದವಳು ನಾನೊಬ್ಬಳೇ. ಬಾಗಿಲೆಳೆದು ಚಿಲಕ ಹಾಕಿದೆ. ಈಗ ಆ ಮನೆಯಲ್ಲಿ ಆ ಹೆಸರಿಗೆ ಎರಡು ಸಲ ತಿಥಿಯಾಗಿತ್ತು. ಇಬ್ಬರಲ್ಲಿ ಒಬ್ಬನಿಗೆ ತಾನು ಯಾವ ಬಾಗಿಲಿನವನೆಂದು ಗೊತ್ತಿತ್ತು. ಇನ್ನೊಬ್ಬನಿಗೆ, ಅಂದರೆ ಅಂಥವನೊಬ್ಬ ಇದ್ದಾನೆಂದು ವಾದಕ್ಕೆ ಒಪ್ಪಿಕೊಂಡರೆ, ಈ ದೇಶದಲ್ಲೆಲ್ಲ ಇದ್ದದ್ದು ಇದೊಂದೇ ಬಾಗಿಲು.

ಬೀಗ ಹಾಕದಿರಲು ಕಾರಣಗಳು ಬೇಕಾದಷ್ಟಿದ್ದವು. ಒಳಗೆ ಕದಿಯುವಂಥದ್ದೇನೂ ಇಲ್ಲ. ಆನೆ ಬಂದರೆ ಬೀಗ ಅದನ್ನು ತಡೆಯುವುದಿಲ್ಲ. ಮಳೆಗಾಲದಲ್ಲಿ ಬೀಗಕ್ಕೆ ತುಕ್ಕು ಹಿಡಿದರೆ ಆಮೇಲೆ ಒಡೆಯಬೇಕಾಗುತ್ತದೆ. ಎಲ್ಲವೂ ಸರಿಯಾದ ಕಾರಣಗಳು, ಯಾವ ಸಭೆಯಲ್ಲಿ ಬೇಕಾದರೂ ನಿಲ್ಲುವಂಥವು. ಅವುಗಳನ್ನು ನಾನು ಒಂದೊಂದಾಗಿ ಜೋಡಿಸಿಕೊಳ್ಳುತ್ತ, ತೆರೆದ ಬೀಗವನ್ನು ಕೈಯಲ್ಲಿ ಹಿಡಿದು ನಿಂತಿದ್ದೆ.

ಅವಳು ತನ್ನ ಮನೆಯಿಂದ ಬಂದಳು. ಎರಡು ಲೋಟ ತಂದಿದ್ದಳು. ಚಿಲಕವನ್ನು ನೋಡಿದಳು, ನನ್ನ ಕೈಯನ್ನು ನೋಡಿದಳು.

“ಚಿಲಕ ಹಾಕಿದೀನಿ,” ಎಂದೆ. “ಹೊರಗಡೆಯಿಂದ ತೆಗೀಬಹುದು.”

“ಹೂಂ.”

ಸ್ಟೀಲಿನ ಲೋಟವನ್ನು ಜಗಲಿಯ ಮೇಲೆ ನನಗೆಂದು ಇಟ್ಟಳು. ಹಿತ್ತಾಳೆಯದನ್ನು ಇಡಲಿಲ್ಲ, ಮೆಟ್ಟಿಲನ್ನೂ ಹತ್ತಲಿಲ್ಲ. ಅಂಗಳದಲ್ಲೇ ನಿಂತು, ಸೆರಗಿನಲ್ಲಿ ಹಿಡಿದುಕೊಂಡ ಆ ಲೋಟವನ್ನು ನನ್ನ ಕಡೆಗೆ ಚಾಚಿದಳು. ತುಂಬ ಬಿಸಿಯಿತ್ತು, ಎರಡೂ ಕೈ ಬೇಕಾಗಿತ್ತು. ನಾನು ಬೀಗವನ್ನು ಚೀಲಕ್ಕೆ ಹಾಕಿ ಅದನ್ನು ಈಸಿಕೊಂಡೆ.